ರೊಟ್ಟಿ ಬಡಿಯುವ ಸದ್ದು

ಶಿವಕ್ಕನಿಗೆ ಹೆದರಿಕೆ ಅನ್ನುವುದು ಹುಟ್ಟುಗುಣದಲ್ಲೇ ಇಲ್ಲ. ಬೆಂಗಳೂರಿನ ಲಗ್ಗೆರೆಯಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಬಸುರಿ ಇರುವ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಮಾತಾಡಿ ಬರುವವಳಲ್ಲ. ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ. "ಬೈದ್ರೆ ಬೈಕೊಳ್ಲಿ, ಮಗು ತೂಕ ಕಮ್ಮಿ ಆಗ್ಬಾರ್ದು ಅಷ್ಟೇ" ಎನ್ನುತ್ತಾಳೆ.

ಕಳೆದ ವರ್ಷ ಯಾದಗಿರಿ ಕಡೆಯಿಂದ ಬಂದು ನೆಲೆಸಿದ್ದ ಶಂಕ್ರವ್ವನ ಮನೆಯಲ್ಲಿ ಮಾತ್ರ ಅವಳ ಆಟ ನಡೆಯಲಿಲ್ಲ. ಸೊಸೆ ನೀಲಾಂಬಿಕಾಗೆ ಐದು ತಿಂಗಳು, ರಕ್ತದಲ್ಲಿ ಹಿಮೋಗ್ಲೋಬಿನ್ ಬರೀ ಏಳೂವರೆ. ಕಬ್ಬಿಣದ ಮಾತ್ರೆಯನ್ನೇನೋ ನುಂಗುತ್ತಿದ್ದಳು, ಊಟಕ್ಕೆ ಮಾತ್ರ ಮೂರು ಹೊತ್ತೂ ಬಿಳಿ ಅನ್ನ, ಇಲ್ಲವೇ ಪ್ಯಾಕೆಟ್ ನೂಡಲ್ಸ್. ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿ ಉಳಿಯುವುದೇ ಕಷ್ಟ.

"ದಿನಾ ಸೊಪ್ಪು ತಿನ್ಸಿ ಅಮ್ಮಾ," ಎಂದಳು ಶಿವಕ್ಕ.

ಶಂಕ್ರವ್ವ ಸಿಡಿದಳು. "ಸೊಪ್ಪಿ? ನನ್ನ ಸೊಸಿ ಏನ್ ಎಮ್ಮಿ ಅದಾಳೇನು, ಸೊಪ್ಪಿ ತಿನ್ನಾಕ? ನಡಿ ಹೊರಗ!"

ಅವರ ಊರಲ್ಲಿ ಸೊಪ್ಪಿ ಎಂದರೆ ದನಕ್ಕೆ ಹಾಕುವ ಜೋಳದ ಒಣದಂಟು. ಇದು ಶಿವಕ್ಕನಿಗೆ ತಿಳಿದದ್ದು ಎರಡು ದಿನದ ಮೇಲೆ, ರಾಯಚೂರು ಕಡೆಯ ತರಕಾರಿ ತಳ್ಳುಗಾಡಿಯವನಿಂದ. ತಿನ್ನುವ ಎಲೆಗೆ ಅವರು ತಪ್ಪಲ ಅನ್ನುತ್ತಾರಂತೆ. "ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!" ಎಂದು ತನ್ನನ್ನೇ ಬೈದುಕೊಂಡು, ಅವನ ಹತ್ತಿರವೇ ಎರಡು ಕಟ್ಟು ಹುಳಿ ಪುಂಡಿ ಸೊಪ್ಪು ಕೊಂಡು, ಮತ್ತೆ ಅದೇ ಬಾಗಿಲು ತಟ್ಟಿದಳು.

"ಅಮ್ಮಾ, ತಪ್ಪಲ ತಂದಿದೀನಿ."

ಪುಂಡಿ ನೋಡಿ ಶಂಕ್ರವ್ವ ಮೆತ್ತಗಾದಳು. "ಇದಕ್ಕ ಬಿಸಿ ರೊಟ್ಟಿ ಬೇಕವ್ವ. ರೊಟ್ಟಿ ಬಡಿಯೂದು ಬಿಟ್ಟು ಆರು ತಿಂಗಳಾತು. ಸದ್ದಿಗೆ ಕೆಳಗಿನ ಓನರ್ ಅಮ್ಮಾರಿಗೆ ತಲಿನೋವಂತ."

ಶಿವಕ್ಕನಿಗೆ ಮೈಯೆಲ್ಲ ಉರಿಯಿತು. ಪಕ್ಕದ ಶೆಡ್ಡಿನ ಲೇತ್ ಮಶೀನು ದಿನವಿಡೀ ಕಿರುಚುತ್ತದೆ. ಅದಕ್ಕೆ ಬಾರದ ತಲೆನೋವು ಬಡವರ ರೊಟ್ಟಿಗೆ ಬರುತ್ತದೆಯೇ?

"ಹಿಟ್ಟು ತೆಗೀರಿ," ಎಂದಳು.

ಮೂರನೆಯ ರೊಟ್ಟಿಗೇ ಓನರ್ ಗಂಗಲಕ್ಷ್ಮಮ್ಮ ಮೇಲೆ ಬಂದರು. "ಎಷ್ಟು ಸಲ ಹೇಳೋದು? ಹಿಂಗೇ ಆದ್ರೆ ಮನೆ ಖಾಲಿ ಮಾಡಿ."

ಶಿವಕ್ಕ ಬಾಯಿ ತೆರೆಯುವ ಮೊದಲೇ ನೀಲಾಂಬಿಕಾ ಅತ್ತೆಯ ಕೈಯಿಂದ ಹಿಟ್ಟಿನ ಉಂಡೆ ಕಿತ್ತುಕೊಂಡಳು. ಅಲ್ಲಿಯವರೆಗೆ ಶಿವಕ್ಕ ಅವಳ ದನಿಯನ್ನೇ ಕೇಳಿರಲಿಲ್ಲ.

"ಖಾಲಿ ಮಾಡ್ತೀವ್ರಿ ಅಮ್ಮಾರ. ಆದ್ರ ನನ್ನ ಕೂಸು ಹಸದು ಹುಟ್ಟೂದಿಲ್ಲ," ಎಂದು ಇನ್ನೂ ಜೋರಾಗಿ ಬಡಿಯತೊಡಗಿದಳು.

ತಿಂಗಳ ಕೊನೆಗೆ ಖಾಲಿ ಮಾಡಿಯೂ ಮಾಡಿದರು. ಎರಡು ಬೀದಿ ಆಚೆ ಬೇರೆ ಮನೆ ಹುಡುಕಿಕೊಟ್ಟವಳು ಶಿವಕ್ಕ. ಹೊಸ ಓನರ್‌ಗೆ ಮೊದಲೇ ಹೇಳಿದಳು: "ಸಾರ್, ಇವರು ದಿನಾ ರೊಟ್ಟಿ ಬಡೀತಾರೆ. ಒಪ್ಪಿಗೆ ಇದ್ರೆ ಕೊಡಿ, ಇಲ್ಲಾಂದ್ರೆ ಬೇಡ."

ಹೆರಿಗೆಗೆ ಹೋಗುವ ಹೊತ್ತಿಗೆ ನೀಲಾಂಬಿಕಾಳ ರಕ್ತ ಹತ್ತೂವರೆ ಮುಟ್ಟಿತ್ತು. ಹೆಣ್ಣು ಹುಟ್ಟಿತು. ತೂಕದ ಮಶೀನು ಮೂರು ಕೆಜಿ ತೋರಿಸಿತು.

"ಇನ್ನೊಂದ್ ಸಲ ತೂಗಿ ಸಿಸ್ಟರ್," ಎಂದಳು ಶಿವಕ್ಕ.

ಎರಡನೆಯ ಸಲವೂ ಮೂರೇ.