ಎದುರುಮನೆಯ ಅಜ್ಜಿ ತರಬೇಕಿದ್ದ ರೊಟ್ಟಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತೇ ಆಸ್ಪತ್ರೆಯಿಂದ ಸ್ವೀಡನ್ನಿನ ಮಾಲ್ಮೋದಲ್ಲಿರುವ ಮಗನ ಮನೆಗೆ ಕರೆತಂದೆವು. ಎದುರುಮನೆಯ ಮ್ಯಾಸಿಡೋನಿಯಾದ ಅಜ್ಜಿಗೆ ತೋರಿಸುವ ಆಸೆಯಿತ್ತು. ಚಳಿಗಾಲದಲ್ಲಿ ಅವರು ತೀರಿಕೊಂಡರು.

ನಾನು ಹುಣಸೂರು ಕಡೆಯವಳು; ನಾನೂ ಅವರೂ ನಮ್ಮ ನಮ್ಮ ಊರಲ್ಲಿ ಹೊಗೆಸೊಪ್ಪು ಬೆಳೆದವರು. ಒಬ್ಬರ ಮಾತು ಒಬ್ಬರಿಗೆ ಬಾರದು. ಬಾಲ್ಕನಿಯಲ್ಲಿ ಕೂತು ಅವರು ಒಣಗಿಸಲು ಎಲೆಯನ್ನು ದಾರಕ್ಕೆ ಪೋಣಿಸುವಂತೆ ಬೆರಳಾಡಿಸಿದರೆ, ನಾನು ಕಡ್ಡಿಗೆ ಕಟ್ಟುವಂತೆ ಆಡಿಸುತ್ತಿದ್ದೆ. ಯಾವಾಗಲೂ "ಕಾಯ್ ನಾಸ್" ಎನ್ನುತ್ತಿದ್ದರು. 'ನಮ್ಮೂರಲ್ಲಿ' ಎಂದರ್ಥವೆಂದು ಸೊಸೆ ಹೇಳಿದ್ದಳು. ಆ ಊರಲ್ಲೀಗ ಬಾಗಿಲು ತೆರೆದ ಮನೆಗಳೇ ಕಡಿಮೆಯಂತೆ.

ಸೊಸೆ ಬಸುರಿ ಎಂದು ತಿಳಿದಾಗ ಅಜ್ಜಿ ಅವಳಿಗೆ ಸ್ವೀಡಿಷಿನಲ್ಲಿ ಹೇಳಿದ್ದರು: "ಕಾಯ್ ನಾಸ್, ಮಗು ಬಂದ ಮನೆಗೆ ನೆರೆಯವರು ಬಿಸಿ ರೊಟ್ಟಿ ಒಯ್ತೀವಿ. ನಾನೇ ತರ್ತೀನಿ."

ಇವತ್ತು ಅವರು ಮಾಡುತ್ತಿದ್ದಂಥ ಆ ದಪ್ಪ ದುಂಡು ರೊಟ್ಟಿಯನ್ನು ನಾನೇ ಬೇಯಿಸಿದೆ.

"ಅತ್ತೆ, ಚಾಕು ಕೊಡ್ಲಾ?"

"ಬ್ಯಾಡ ಕಣವ್ವ. ಅವ್ರು ಕೈಯಲ್ಲೇ ಮುರೀತಿದ್ರು."

ಸಂಜೆ ಮನೆಮಂದಿಯೆಲ್ಲ ಸುತ್ತ ಕೂತು, ರೊಟ್ಟಿ ಮುರಿದು ಬಸ್ಸಾರಿನಲ್ಲಿ ಅದ್ದಿ ತಿಂದೆವು.