ಬೆಳಕಿನ ಕಣ್ಣಿಗೆ ಇಟ್ಟ ಕುಂಕುಮ

ಶುಕ್ರವಾರದ ಪೂಜೆ ಮುಗಿಸಿ ಕನ್ನಡಕ ಹಾಕಿಕೊಂಡರೆ, ಕಿಟಕಿಯಾಚೆಯ ನುಗ್ಗೆ ಮರಕ್ಕೆಲ್ಲ ಕೆಂಪು ಮಸುಕು. ಬೆರಳಿನ ಕುಂಕುಮ ಗಾಜಿಗೆ ಅಂಟಿತ್ತು. ಒರೆಸಲೆಂದು ಸೆರಗು ಹಿಡಿದವಳು ಹಾಗೇ ಕೂತುಬಿಟ್ಟೆ. ಪಕ್ಕದ ಮನೆ ಅಕ್ಕ ನೆನಪಾದರು…

ನಾವಿರುವುದು ಕೆಜಿಎಫ್‌ನ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಅಕ್ಕ ಧಾರವಾಡದ ಕಡೆಯವರು. ಕಾಲೊನಿಯ ಬಚ್ಚಲು, ಕಕ್ಕಸಿನ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಕೆಮಿಸ್ಟ್ ಆಗಿದ್ದರು. ನಮ್ಮನೆಗೆ ಕಾಫಿಗೆ ಬಂದಾಗ ಲೋಟವನ್ನು ಅಂಚಿನಲ್ಲೇ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಲ್ಯಾಬಿನ ಗಾಜಿಗೆ ಬೆರಳ ಗುರುತು ಬೀಳಬಾರದಲ್ಲ, ಅದೇ ಅಭ್ಯಾಸ.

ಶುದ್ಧವಾದ ನೀರು ಹೊರಗೆ ಹೋಗುವ ತೊಟ್ಟಿಯಲ್ಲಿ ಬೆಳಕಿನಿಂದ ನೀರನ್ನು ಅಳೆಯುವ ಯಂತ್ರವೊಂದು ಮುಳುಗಿರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಗಾಜಿನ ಪಟ್ಟಕ ಹಿಡಿದು ಏಳು ಬಣ್ಣ ತೋರಿಸಿದ್ದಷ್ಟೇ ನನಗೆ ಗೊತ್ತಿದ್ದದ್ದು. ಅಕ್ಕ ಬಿಡಿಸಿ ಹೇಳಿದ್ದರು. ಯಂತ್ರ ನೀರಿನೊಳಗೆ ಬೆಳಕು ಹಾಯಿಸುತ್ತದೆ; ಯಾವ ಬಣ್ಣ ಎಷ್ಟು ಈಚೆ ಬಂತು, ಎಷ್ಟನ್ನು ನೀರು ನುಂಗಿತು ಎಂದು ನೋಡುತ್ತದೆ. ನಮ್ಮ ಕಣ್ಣಿಗೆ ಕಾಣದ ಬೆಳಕೂ ಇದೆಯಂತೆ, ಕರಗಿದ ಕೊಳೆ ಅದನ್ನೇ ನುಂಗುವುದಂತೆ. ನೀರು ತಿಳಿಯಾಗಿ ಕಂಡರೂ ಸಾಲದು ಅನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಮೊದಲ ಬಾರಿಗೆ ಈ ನೀರನ್ನು ಕ್ಯಾಸಂಬಳ್ಳಿ ದಾರಿಯ ಒಂದು ಕುಂಟೆಗೆ, ಅಂದರೆ ಸಣ್ಣ ಕೆರೆಗೆ, ಬಿಡಲು ಶುರುಮಾಡಿದ್ದರು. ನಮಗೆ ಹಾಲು ಹಾಕುವ ಹಾಲಿನಮ್ಮನ ಹಸುಗಳು ನೀರು ಕುಡಿಯುವುದು ಅಲ್ಲೇ. ಮಳೆ ಸರಿಯಾಗಿ ಬಾರದೆ ಕುಂಟೆ ತಳ ಕಂಡಿತ್ತು. ಊರವರಿಗೋ ಇದು ಬಚ್ಚಲ ನೀರೆಂಬ ಅಸಹ್ಯ. ಕೆಲವು ಮನೆಯವರು ಆಕೆಯ ಹಾಲನ್ನೇ ಬಿಟ್ಟಿದ್ದರು. ಆದರೂ ಆ ನೀರಿಲ್ಲದೆ ಹಸುಗಳಿಗೆ ಬೇರೆ ದಾರಿಯಿರಲಿಲ್ಲ.

ಆ ವರ್ಷ ಆಯುಧಪೂಜೆಯ ಮಾರನೆಯ ದಿನ ಅಕ್ಕ ನೀರು ನಿಲ್ಲಿಸಿಬಿಟ್ಟರು. ನೀರಿನ ಕೊಳೆ ತೋರಿಸುವ ಯಂತ್ರದ ಅಂಕಿ ಇದ್ದಕ್ಕಿದ್ದಂತೆ ಮೇಲೇರಿತ್ತು. ಹಾಲಿನಮ್ಮ ನಮ್ಮ ಬಾಗಿಲಿಗೆ ಬಂದರು.

"ನೀನೂ ಬಾಮ್ಮ, ಇಂದಿ ಮಾತಾಡ್ದಂಗೆ ಮಾತಾಡ್ತದೆ ಆಯಮ್ಮ, ನಂಗೊಂದೂ ಗೊತ್ತಾಗಲ್ಲ," ಅಂತ ನನ್ನನ್ನೂ ಘಟಕಕ್ಕೆ ಎಳೆದುಕೊಂಡು ಹೋದರು.

ತೊಟ್ಟಿಯ ನೀರು ನಿಜಕ್ಕೂ ತಿಳಿಯಾಗಿತ್ತು. ತಳದ ಸಿಮೆಂಟಿನ ಬಿರುಕೂ ಕಾಣುತ್ತಿತ್ತು. "ಕನ್ನಡಿ ಇದ್ದಂಗೈತೆ! ನಿನ್ ಮಿಷನ್ನಿಗೇ ಕಣ್ಣು ಮಂಜಾಗೈತೆ ಕಣಕ್ಕ. ಬಿಡು ನೀರು, ಅಸುಗಳು ನಾಲಿಗೆ ಆಚೆ ಆಕ್ಕೊಂಡವೆ," ಅಂದರು ಹಾಲಿನಮ್ಮ.

ಅಕ್ಕನ ಮುಖ ಸಣ್ಣಗಾಗಿತ್ತು. "ನೀರು ಕೆಟ್ಟೈತೋ ಯಂತ್ರ ಕೆಟ್ಟೈತೋ, ಗೊತ್ತಾಗೂತನಕ ಬಿಡಂಗಿಲ್ಲ ತಾಯಿ," ಅಂದವರು ಒಂದು ಸೀಸೆಯಲ್ಲಿ ನೀರು ತುಂಬಿಕೊಂಡು ಲ್ಯಾಬಿಗೆ ಹೋದರು. ಹಾಲಿನಮ್ಮ ಬಾಯಿಗೆ ಬಂದಂತೆ ಬಯ್ಯುತ್ತ ಮೆಟ್ಟಿಲ ಮೇಲೆ ಕೂತರು. ನಾನು ಯಾರ ಪಕ್ಷವೂ ವಹಿಸಲಾರದೆ ಬಾಟಲಿಯ ನೀರು ಕೊಟ್ಟೆ. ಅದನ್ನೂ ತಳ್ಳಿದರು.

ಲ್ಯಾಬಿನಲ್ಲಿ ನೀರು ಚೆನ್ನಾಗಿಯೇ ಇತ್ತು. ಹಾಗಾದರೆ ತೊಟ್ಟಿಯ ಯಂತ್ರಕ್ಕೇನಾಯಿತು? ಅಕ್ಕ ಅದನ್ನು ಮೇಲೆಳೆಸಿ, ಮಂಡಿಯೂರಿ ಕೂತು, ಬೆಳಕು ಹೊರಡುವ ಪುಟ್ಟ ಗಾಜನ್ನು ನೋಡಿದರು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಗುಂಡಗೆ, ಅಚ್ಚುಕಟ್ಟಾಗಿ!

ಪಂಪ್ ನೋಡಿಕೊಳ್ಳುವ ತಾತ ತಲೆ ಕೆರೆದುಕೊಂಡರು. "ನಿನ್ನೆ ಪೂಜೇಲಿ ಎಲ್ಲಾ ಮಿಷನ್‌ಗೂ ಇಟ್ಟೆನಮ್ಮಾ, ಇದನ್ನೂ ಮೇಲೆತ್ತಿ… ಇದಕ್ಕೆ ಮಾತ್ರ ಬಿಟ್ರೆ ಕೋಪ ಮಾಡ್ಕೊಳ್ಳಲ್ವಾ?"

ಬಯ್ಯುತ್ತಾರೆಂದುಕೊಂಡೆ. ಅಕ್ಕ ಮೆತ್ತನೆ ಬಟ್ಟೆಯಿಂದ ಗಾಜನ್ನು, ಮಗುವಿನ ಮುಖ ಒರೆಸುವಂತೆ ಒರೆಸಿದರು. "ಕಣ್ಣಾಗ ಯಾರರ ಕುಂಕುಮ ಹಚ್ತಾರೇನ್ರೀ ಅಜ್ಜಾ? ಹಣಿಗೆ ಹಚ್ರಿ," ಅಂತ ಯಂತ್ರದ ಮುಚ್ಚಳದ ಮೇಲೆ ತಾವೇ ಒಂದು ಬೊಟ್ಟಿಟ್ಟರು. ಅಂಕಿ ಇಳಿಯಿತು. ನೀರು ಬಿಟ್ಟರು.

ಹಾಲಿನಮ್ಮ ನನ್ನ ಜೊತೆಗೇ ಹೊರಟರು. ಗೇಟಿನ ಹತ್ತಿರ ಬಂದಾಗ, "ಒಂದು ಬೊಟ್ಟಿಗೇ ನೀರು ನಿಲ್ಲಿಸ್ದೋಳು, ಕೊಳಕು ಬಂದ್ರೆ ಬಿಡ್ತಾಳಾ?" ಅಂದರು, ನನಗೋ ತಮಗೋ. ಆಮೇಲೆ ಹಾಲು ಬಿಟ್ಟಿದ್ದ ಮನೆಗಳಿಗೆಲ್ಲ ಹೋಗಿ ಇದನ್ನೇ ಹೇಳಿದರಂತೆ. ಒಂದೊಂದೇ ಮನೆ ವಾಪಸು ಬಂತು. ಹಸು ಕರು ಹಾಕಿದಾಗಲೆಲ್ಲ ಅಕ್ಕನಿಗೆ ಮಾತ್ರ ಗಿಣ್ಣುಹಾಲು ಬೇರೆಯಾಗಿ ಬರುತ್ತಿತ್ತು, ಮುತ್ತುಗದೆಲೆ ಮುಚ್ಚಿ…

ಹೋದ ವರ್ಷ ಜ್ವರವೆಂದು ಊರಿಗೆ ಹೋದ ಅಕ್ಕ ತಿರುಗಿ ಬರಲಿಲ್ಲ. ಅಲ್ಲೇ ತೀರಿಕೊಂಡರೆಂದು ಫೋನ್ ಬಂತು. ಪಕ್ಕದ ಮನೆಯಲ್ಲೀಗ ಬೇರೆಯವರಿದ್ದಾರೆ, ಒಳ್ಳೆಯ ಜನ. ಘಟಕದ ಹೊಸ ಕೆಮಿಸ್ಟ್ ಕೂಡ ಒಳ್ಳೆಯವರೇ.

ಇವತ್ತು ಬೆಳಿಗ್ಗೆ ಹಾಲು ಅಳೆದು ಕೊಟ್ಟ ಹಾಲಿನಮ್ಮ ಪಕ್ಕದ ಮನೆ ಬಾಗಿಲನ್ನೇ ನೋಡುತ್ತಿದ್ದರು. "ನೀರು ಚೆನ್ನಾಗಿದೆಯಂತೆ," ಅಂದೆ, ಏನಾದರೂ ಹೇಳಬೇಕಲ್ಲ ಅಂತ.

"ಚೆನ್ನಾಗೇ ಇರ್ತದೆ ಬಿಡಮ್ಮ. ನಾನು ಬಾಯ್ ಮಾಡಿದ್ರೂ ನೀರು ಬಿಡಲ್ಲ ಅನ್ನೋರು ಇರ್ಬೇಕಿತ್ತು, ಅಷ್ಟೇ…"

ಕ್ಯಾನು ಎತ್ತಿಕೊಂಡು ಹೋದರು. ನಾನು ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.