ಅವ್ವನ ಮಗ್ಗುಲ ಸ್ಪೀಕರು

ನಮ್ಮ ಮನೆಗೆ ಬಂದ ನೆಂಟರೆಲ್ಲ ಹೋಮ್ ಥಿಯೇಟರ್ ನೋಡಿ ನಗುತ್ತಾರೆ. ಸಿನಿಮಾ ಹುಚ್ಚೇ ಇಲ್ಲದವರ ಮನೆಗೆ ಐದು ಸ್ಪೀಕರು, ಮೂಲೆಯಲ್ಲೊಂದು ಸಬ್ ವೂಫರು, ರುಬ್ಬುಗುಂಡಿನಷ್ಟು ಭಾರದ ರಿಸೀವರು ಯಾಕೆ ಬೇಕಿತ್ತು ಅಂತ. ನಗಲಿ, ನನಗೇನು. ಅದನ್ನು ತಂದದ್ದು ಸಿನಿಮಾ ನೋಡುವುದಕ್ಕಲ್ಲ, ನಮ್ಮವ್ವನ ಕಿವಿಗೆ.

ಅವ್ವ ಚಾಮರಾಜನಗರದಲ್ಲಿ ನನ್ನ ಜೊತೆ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಗುಂಡ್ಲುಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಕಣ್ಣಿನ ಆಪರೇಷನ್ನಿಗೆ ಅಂತ ನನ್ನ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟಳು. ಅಣ್ಣ ವಾಪಸ್ಸು ಕರೆಯಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಹೆತ್ತವ್ವನನ್ನು ನೋಡಿಕೊಳ್ಳಲು ಮಗನೇ ಆಗಬೇಕೆಂದು ಎಲ್ಲಿದೆ, ಕಚೇರಿ ಕೆಲಸ ಮಾಡುವ ಮಗಳು ಸಾಲದೇ ಅಂದುಕೊಂಡೆ.

ಕಣ್ಣು ಸರಿಹೋಯಿತು, ಕಿವಿ ಕೈಕೊಟ್ಟಿತು. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಅಷ್ಟಿಷ್ಟು ಉಳಿಯಿತು. ಕಿವಿ ಮಿಷನ್ನು ಹಾಕಿಸಿದೆವು. ಕೆಲವು ದಿನ ಹಾಕಿಕೊಂಡಳು, ಆಮೇಲೆ ತಲೆಯೊಳಗೆ ಜೀರುಂಡೆ ಕುಂತಂಗಾಯ್ತದೆ ಅಂತ ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ಅಲ್ಲಿಂದಾಚೆಗೆ ಮೆಲ್ಲಮೆಲ್ಲಗೆ ನಮ್ಮ ಜೊತೆ ಕೂರುವುದನ್ನೇ ಬಿಟ್ಟಳು. ಮನೆಗೆ ಯಾರಾದರೂ ಬಂದರೆ ಅವರೆಕಾಯಿ ಮಂಕರಿ ಎತ್ತಿಕೊಂಡು ಹಿತ್ತಲಿಗೆ ಹೋಗುವಳು. ಒಂದು ಕಾಲಕ್ಕೆ ಇಡೀ ಬೀದಿಯ ಹೆಂಗಸರನ್ನು ಜಗಲಿ ಮೇಲೆ ಕೂರಿಸಿಕೊಂಡು ಮಾತಲ್ಲೇ ಆಳಿದವಳು ನಮ್ಮವ್ವ. ಅವಳು ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತು ಕಾಳು ಬಿಡಿಸುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಉಪಾಯ ಹೇಳಿದವನು ಅಣ್ಣನೇ. ಅವನದು ಹೆದ್ದಾರಿ ಪಕ್ಕದಲ್ಲಿ ಈರುಳ್ಳಿ ಮಂಡಿ. ಆದರೆ ಚಿಕ್ಕಂದಿನಿಂದ ಅವನ ಜೀವ ಇದ್ದದ್ದು ಸೌಂಡಿನಲ್ಲಿ. ನಮ್ಮ ಮನೆಯ ರೇಡಿಯೋ, ಟೇಪ್ ರೆಕಾರ್ಡರ್ ಯಾವುದನ್ನೂ ಬಿಚ್ಚಿ ಹಾಳು ಮಾಡದೆ ಬಿಟ್ಟವನಲ್ಲ. ಒಂದು ಸಲ ಬಂದವನು ಹಿತ್ತಲಲ್ಲಿ ಅವ್ವನನ್ನು ನೋಡಿ, ಒಳಗೆ ಬಂದು ಟಿವಿಯ ಹಿಂದೆ ಬಗ್ಗಿ ವೈರು ನೋಡಿದ. ಆಮೇಲೆ ನನಗೆ ವಿವರಿಸಿ ಹೇಳಿದ. ಬರೀ ಟಿವಿಯಲ್ಲಿ ಮಾತು, ಸಂಗೀತ, ಗದ್ದಲ ಎಲ್ಲ ಕಲಸಿ ಬರುತ್ತದೆ. ಟಿವಿಯ ಸದ್ದನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ರಿಸೀವರು ಇದ್ದರೆ ಮಾತೆಲ್ಲ ಮಧ್ಯದ ಸ್ಪೀಕರಿಗೆ ಬರುವಂತೆ ಮಾಡಬಹುದು. ಅದೊಂದನ್ನು ಮಾತ್ರ ಜೋರು ಮಾಡಿ ಅವ್ವನ ಕಿವಿಯ ಹತ್ತಿರ ಇಟ್ಟರೆ ಆಯಿತು ಅಂದ. ನನಗೆ ನಂಬಿಕೆ ಬರಲಿಲ್ಲ. ಆದರೂ ಅವನು ಆರಿಸಿದ್ದನ್ನೇ ಕೊಂಡೆ.

ಒಂದು ಭಾನುವಾರ ಪೂರ್ತಿ ಕೂತು ಜೋಡಿಸಿದ. ಟಿವಿ ಕೆಳಗೆ ಇರಬೇಕಾದ ಮಧ್ಯದ ಸ್ಪೀಕರನ್ನು ಹಾಲ್‌ನಲ್ಲಿ ಅವ್ವನ ಮಂಚದ ಪಕ್ಕ, ಬಲಗಿವಿಯ ಕಡೆಗೆ, ಮರದ ಸ್ಟೂಲಿನ ಮೇಲಿಟ್ಟ. ರಿಸೀವರಿನ ಜೊತೆ ಒಂದು ಪುಟ್ಟ ಮೈಕು ಬಂದಿತ್ತು. ಅದನ್ನು ನಟ್ಟನಡುವೆ ನಿಲ್ಲಿಸಿದರೆ ರಿಸೀವರು ತಾನೇ ಒಂದೊಂದು ಸ್ಪೀಕರಿನಿಂದ ಸದ್ದು ಮಾಡಿ ಮನೆಯನ್ನು ಅಳೆಯುತ್ತದಂತೆ, ಅಷ್ಟು ಹೊತ್ತು ಯಾರೂ ಉಸಿರೆತ್ತಬಾರದಂತೆ. ಮೊದಲ ಸಲ ಪಕ್ಕದ ಮನೆಯ ಕುಕ್ಕರ್ ಕೂಗಿ ಕೆಟ್ಟಿತು. ಎರಡನೇ ಸಲ ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ, ದೂರದ ಸ್ಪೀಕರುಗಳ ಸದ್ದು ಕೇಳದ ಅವ್ವ ನಮ್ಮ ಮುಖ ಮುಖ ನೋಡಿ, ಯಾಕ್ರಪ್ಪ ಎಲ್ಲಾ ಹಿಂಗೆ ಮೂಕರಂಗೆ ಕುಂತಿದ್ದೀರಿ ಅಂತ ಗಟ್ಟಿಯಾಗಿ ಕೇಳಿಬಿಟ್ಟಳು. ಅಣ್ಣ ಬೇಜಾರು ಮಾಡಿಕೊಳ್ಳದೆ ನಕ್ಕು ಮತ್ತೆ ಮೊದಲಿಂದ ಶುರು ಮಾಡಿದ. ಕೊನೆಗೆ ರಿಮೋಟು ಕೊಟ್ಟು ಎಲ್ಲ ಕಲಿಸಿದ. ಪರದೆಯ ಮೇಲೆ ಸೆಂಟರ್ ಅನ್ನುವ ಸಾಲನ್ನು ತೋರಿಸಿ ಹೇಳಿದ ಮಾತು ನನ್ನ ನೆನಪಿನಲ್ಲಿ ಇವತ್ತಿಗೂ ಹಾಗೇ ಇದೆ.

“ಇನ್ನೇನಾರ ಮಾಡ್ಕೊ. ಇದ ಮಾತ್ರ ಮುಟ್ಬ್ಯಾಡ ಕಣಮ್ಮಿ. ಇದು ಅವ್ವಂದು.”

ಸಂಜೆ ಧಾರಾವಾಹಿ ಹಚ್ಚಿದೆವು. ಅದರಲ್ಲಿನ ಅತ್ತೆ ಬಾಯಿ ತೆರೆದದ್ದೇ ತಡ, ಅವ್ವ ಬೆಚ್ಚಿ ಸ್ಟೂಲಿನ ಕಡೆ ತಿರುಗಿದಳು. ಮತ್ತೆ ಟಿವಿ ನೋಡಿದಳು. “ಅವಳು ಮಾತಾಡ್ತಾವ್ಳೆ!” ಅಂದಳು. ಅಣ್ಣ ವೈರು ನೋಡುವ ನೆಪದಲ್ಲಿ ಎದ್ದು ಹೊರಗೆ ಹೋದ. ಅವನ ಕಣ್ಣು ಒದ್ದೆಯಾಗಿತ್ತು, ನಾನು ನೋಡಿದೆ. ಅವ್ವನನ್ನು ವಾಪಸ್ಸು ಕರೆಯಲಿಲ್ಲವೆಂದು ಅವನ ಮೇಲೆ ನನಗಿದ್ದ ಹಳೆಯ ಸಿಟ್ಟೆಲ್ಲ ಅವತ್ತು ಇಳಿದುಹೋಯಿತು.

ಅವ್ವ ಹಿತ್ತಲು ಬಿಟ್ಟು ಹಾಲ್‌ಗೆ ಬಂದಳು. ಧಾರಾವಾಹಿಯ ಅತ್ತೆಗೆ ಎದುರುತ್ತರ ಕೊಡುವಳು, ಸೊಸೆಗೆ ಬುದ್ಧಿ ಹೇಳುವಳು. ಮರುದಿನ ಜಗಲಿ ಮೇಲೆ ಅದೇ ಕಥೆಯನ್ನು ತನ್ನದೂ ಒಂದಿಷ್ಟು ಸೇರಿಸಿ ಹೇಳುವಳು. ನೋಡಿದ ಹೆಂಗಸರೂ ಮತ್ತೆ ಕೂತು ಕೇಳುತ್ತಿದ್ದರು. ಹೀರೋ ಟಿವಿಯಲ್ಲಿ ಬಾಯಿ ಆಡಿಸಿದರೆ ಮಾತು ನಮ್ಮತ್ತೆಯ ಸೆರಗಿನಡಿಯಿಂದ ಬರುತ್ತದೆ ಅಂತ ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಮಾತು ಸ್ಟೂಲಿನಿಂದ ಬರುವುದೇ ನಮಗೂ ಅಭ್ಯಾಸವಾಯಿತು.

ಹೋದ ವರ್ಷ ಅಣ್ಣನ ಮಗಳ ಮದುವೆಯಾಯಿತು. ಮದುವೆ ಮುಗಿದು ಬೀಗರೂಟಕ್ಕೆ ಸಿದ್ಧತೆ ನಡೆಯುತ್ತಿದ್ದಾಗ ಅಣ್ಣ ಗೂಡ್ಸ್ ಆಟೊ ತಗೊಂಡು ಬಂದ. ಮೈಕ್ ಸೆಟ್ಟಿನವನು ದೊಡ್ಡ ಬಾಕ್ಸುಗಳನ್ನು ಕೊಟ್ಟಿದ್ದಾನೆ, ಅವನ ಆಂಪ್ಲಿಫೈಯರ್ ಕೆಟ್ಟಿದೆ, ಒಂದೇ ದಿನ ರಿಸೀವರು ಕೊಡು ಅಂದ. ಮನೆಗೆ ಅಂತ ಮಾಡಿದ್ದು ಬಯಲಿಗೆ ತಡೆಯುತ್ತದೆಯೇ ಅಂತ ಕೇಳಿದೆ. ನನಗೇ ಹೇಳಿಕೊಡ್ತೀಯಾ ಅಂತ ನಕ್ಕ. ಅವ್ವನೂ ಕೊಡು ಕೊಡು ಅಂದಳು, ಮೊಮ್ಮಗಳ ಬೀಗರೂಟ ಅಲ್ಲವೇ. ಕೊಟ್ಟೆ.

ಬೀಗರೂಟದ ದಿನ ಶಾಮಿಯಾನದ ಕೆಳಗೆ ಬಾಡೂಟದ ಪಂಕ್ತಿ ನಡೆಯುತ್ತಿದ್ದರೆ, ಹಾಡಿನ ಅಬ್ಬರಕ್ಕೆ ಎಲೆ ಮೇಲಿನ ಮುದ್ದೆ ಅದುರುತ್ತಿತ್ತು. ಸೌಂಡು ಕಮ್ಮಿ ಮಾಡು ಅಂತ ಅಣ್ಣನಿಗೆ ಹೇಳಿದೆ. ಏನೂ ಆಗದಿಲ್ಲ ಬುಡು ಅಂದು ಬೀಗರಿಗೆ ಇನ್ನೊಂದು ಸೌಟು ಬಡಿಸಲು ಓಡಿದ. ನಾನು ಅವ್ವನನ್ನು ಕರೆದುಕೊಂಡು ಸಂಜೆ ಬಸ್ಸಿಗೆ ವಾಪಸ್ಸು ಬಂದೆ.

ಒಂದೇ ದಿನ ಅಂದವನು ತಿಂಗಳು ಹತ್ತಿರವಾದರೂ ತರಲಿಲ್ಲ. ಫೋನ್ ಮಾಡಿದರೆ ಲೋಡು ಬಂದಿದೆ, ಗಾಡಿ ಇಲ್ಲ, ನಾಳೆ. ಕೊನೆಗೊಂದು ದಿನ ದುಪ್ಪಟಿಯಲ್ಲಿ ಸುತ್ತಿಕೊಂಡು ತಂದ. ಎಂದೂ ಇಲ್ಲದೆ ನನ್ನನ್ನು ಅಡುಗೆಮನೆಗೆ ಕಳಿಸಿ, ತಾನೊಬ್ಬನೇ ಕೂತು ವೈರುಗಳನ್ನು ಸಿಕ್ಕಿಸಿದ, ರಿಮೋಟು ಹಿಡಿದು ಏನೇನೋ ಒತ್ತಿದ. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಟಿವಿ ಮಾತಾಡುತ್ತಿತ್ತು, ಸೊಗಸಾಗಿಯೇ ಮಾತಾಡುತ್ತಿತ್ತು. ಮಾತು ಸ್ಟೂಲಿನಿಂದ ಬರದೆ ಟಿವಿ ಕಡೆಯಿಂದ ಬರುತ್ತಿದೆಯಲ್ಲ ಅಂದೆ. ಈಗ ಎಲ್ಲಾ ಕಡೆಗೂ ಒಂದೇ ಸಮ ಮಾಡಿದ್ದೇನೆ, ಅವ್ವನಿಗೂ ಬರುತ್ತದೆ ನಿಮಗೂ ಬರುತ್ತದೆ ಅಂದ. ಅವ್ವನ ಕಿವಿಗೆ ಬಗ್ಗಿ, ಕೇಳ್ತದವ್ವ ಅಂತ ಕೂಗಿದ. ಕೇಳ್ತದೆ ಕೇಳ್ತದೆ ಅಂತ ಅವ್ವ ತಲೆಯಾಡಿಸಿದಳು. ನಾನು ಅವನಿಗೆ ಬಿಸಿ ಮುದ್ದೆ, ಬಸ್ಸಾರು ಬಡಿಸಿದೆ. ತುಪ್ಪ ಬೇರೆ ಹಾಕಿದೆ, ನನ್ನ ಬುದ್ಧಿಗಿಷ್ಟು.

ಅದಾದ ಮೇಲೂ ಅವ್ವ ಸಂಜೆಯಾದರೆ ಮಂಚದ ಮೇಲೆ ಕೂರುವಳು, ನಗುವಳು, ತಲೆಯಾಡಿಸುವಳು. ಜಗಲಿಗೆ ಹೋಗುವುದು ಮಾತ್ರ ನಿಂತಿತ್ತು. ಯಾಕವ್ವ ಅಂದರೆ ಮಂಡಿನೋವು ಅನ್ನುತ್ತಿದ್ದಳು. ನಾನು ಮಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ.

ಹಬ್ಬಕ್ಕೆ ಮುಂಚೆ ಮನೆ ಸಾರಿಸಿ ಒರೆಸುತ್ತಿದ್ದಾಗ ಸ್ಟೂಲಿನ ಮೇಲಿನ ಸ್ಪೀಕರಿನ ದೂಳು ತೆಗೆಯಲು ಬಗ್ಗಿದೆ. ಟಿವಿ ಓಡುತ್ತಿತ್ತು. ನನ್ನ ಕಿವಿ ಸ್ಪೀಕರಿಗೆ ತಾಗುವಷ್ಟು ಹತ್ತಿರವಿತ್ತು. ಅದರಿಂದ ಒಂದು ಚೂರೂ ಸದ್ದಿಲ್ಲ. ಅಂಗೈ ಇಟ್ಟು ನೋಡಿದೆ, ಅದುರುವುದೂ ಇಲ್ಲ. ಅಷ್ಟರಲ್ಲಿ ಮಗ್ಗುಲಲ್ಲೇ ಕೂತಿದ್ದ ಅವ್ವ ಜೋರಾಗಿ ನಕ್ಕಳು. ನಾನು ತಲೆಯೆತ್ತಿದೆ. ಅವ್ವನ ಕಣ್ಣು ಟಿವಿ ಮೇಲಿರಲಿಲ್ಲ. ಕುರ್ಚಿಯಲ್ಲಿ ಕೂತು ನಗುತ್ತಿದ್ದ ನಮ್ಮ ಯಜಮಾನರ ಮುಖದ ಮೇಲಿತ್ತು.

ರಿಮೋಟು ತಗೊಂಡು ಅಣ್ಣ ಕಲಿಸಿದ ಹಾಗೆಯೇ ಒತ್ತುತ್ತಾ ಹೋದೆ. ಸೆಂಟರ್ ಅನ್ನುವ ಸಾಲಿನಲ್ಲಿ ಸ್ಪೀಕರು ಇಲ್ಲ ಅಂತ ಹಾಕಿತ್ತು. ಮಧ್ಯದ ಸ್ಪೀಕರು ಇಲ್ಲ ಅಂದುಕೊಂಡ ರಿಸೀವರು ಮಾತನ್ನೆಲ್ಲ ಅಕ್ಕಪಕ್ಕದ ಎರಡಕ್ಕೆ ಹಂಚಿಬಿಟ್ಟಿತ್ತು. ಅದಕ್ಕೇ ನಮಗೆ ಯಾವ ಕೊರತೆಯೂ ಗೊತ್ತಾಗಿರಲಿಲ್ಲ. ಇದೆ ಅಂತ ಮಾಡಿದೆ. ತಕ್ಷಣ ಮನೆಯಲ್ಲಿ ಮಾತೇ ನಿಂತು ಬರೀ ಸಂಗೀತ ಉಳಿಯಿತು. ಏನಮ್ಮಿ ಮಾಡಿದೆ ಅಂತ ಯಜಮಾನರು ಎದ್ದರು. ಅವ್ವನಿಗೆ ಏನೂ ವ್ಯತ್ಯಾಸವಾಗಲಿಲ್ಲ, ಹಾಗೇ ಕೂತಿದ್ದಳು.

ನಮ್ಮೂರ ರಿಪೇರಿ ಅಂಗಡಿಯವನು ರಿಸೀವರಿನ ಮುಚ್ಚಳ ತೆಗೆದು ತೋರಿಸಿದ. ದೊಡ್ಡ ಬಾಕ್ಸುಗಳ ಭಾರಕ್ಕೆ ಮಧ್ಯದ ಸ್ಪೀಕರಿಗೆ ಸದ್ದು ಕಳಿಸುವ ಭಾಗ ಸುಟ್ಟು ಕರಕಲಾಗಿತ್ತು. ಯಾರೋ ಮೊದಲೇ ಬಿಚ್ಚಿ, ಸುಟ್ಟದ್ದನ್ನು ಕಿತ್ತುಹಾಕಿ, ಉಳಿದದ್ದು ಓಡುವಷ್ಟು ಮಾಡಿ ಮುಚ್ಚಿದ್ದರು. ರಿಪೇರಿ ಆಗುತ್ತದೆ, ಆದರೆ ಬೋರ್ಡು ಹೊರಗಿನಿಂದ ಬರಬೇಕು ಅಂದ. ಕೆಟ್ಟರೆ ಕೆಡಲಿ, ಯಂತ್ರ. ಆದರೆ ಕೆಟ್ಟಿದ್ದು ನಮಗ್ಯಾರಿಗೂ ಗೊತ್ತಾಗದಂತೆ, ಅವ್ವನೊಬ್ಬಳಿಗೇ ಕೇಳದಂತೆ ಮಾಡಿಟ್ಟಿದ್ದನಲ್ಲ ಅಣ್ಣ, ಅದನ್ನು ಅವನ ಮುಖಕ್ಕೇ ಕೇಳಬೇಕಿತ್ತು.

ರಜೆ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಏನೇನು ಅನ್ನಬೇಕು ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತಿದ್ದೆ. ಮಂಡಿಯಲ್ಲಿ ಅಣ್ಣ ಚೀಲಗಳ ಮೇಲೆ ಕೂತು ಕೇರಳದ ವ್ಯಾಪಾರಿಯ ಜೊತೆ ಹರಕು ಮಲಯಾಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ನನ್ನನ್ನು ನೋಡಿ ಖುಷಿಯಿಂದ ಟೀ ಹೇಳಿದ. ನಾನು ನಿಂತೇ ಕೇಳಿದೆ. ಮೊದಲು ಯಾವ ರಿಸೀವರು ಅಂದ. ಆಮೇಲೆ ನಿಮ್ಮನೆ ಕರೆಂಟು ಸರಿಯಿಲ್ಲ ಅಂದ. ಆಮೇಲೆ ಮೈಕ್ ಸೆಟ್ಟಿನವನ ಮೇಲೆ ಹಾಕಿದ. ಅವ್ವಂದು ಅಂತ ನೀನೇ ಹೇಳಿದ್ದೆಯಲ್ಲಣ್ಣ, ನಿನ್ನ ಕೈಯಾರೆ ಅದನ್ನೇ ಇಲ್ಲ ಅಂತ ಹೇಗೆ ಒತ್ತಿದೆ ಅಂದೆ.

“ನಿಮಗೆಲ್ಲ ಕೇಳ್ತಾನೆ ಇತ್ತಲ್ಲಮ್ಮಿ,” ಅಂದ. “ಅವ್ವನಿಗೆ ಎಂಗಿದ್ರೂ ನೆಟ್ಟಗೆ ಕೇಳದಿಲ್ಲ. ಅದಕ್ಯಾಕೆ ಇಷ್ಟು ರಂಪ ಮಾಡೀಯೆ?”

ನನ್ನ ಬಾಯಿಗೆ ಆಮೇಲೆ ಏನೇನು ಬಂತೋ ನನಗೇ ನೆನಪಿಲ್ಲ. ಚೀಲ ಹೊತ್ತ ಹಮಾಲಿಗಳು ಹಾಗೇ ನಿಂತು ನೋಡುತ್ತಿದ್ದರು. ಅಣ್ಣ ತಲೆ ತಗ್ಗಿಸಿ ತಕ್ಕಡಿಯ ಸರಪಳಿ ಸರಿ ಮಾಡುತ್ತಿದ್ದ. ನಾನು ಹೊರಟಾಗ ಹಿಂದೆಯೇ ಬಂದು, ಅವ್ವನಿಗೆ ಮಾತ್ರ ಹೇಳಬೇಡ ಅಂದ. ಅದೊಂದು ಮರ್ಯಾದೆ ಮಾತ್ರ ಬೇಕಿತ್ತು ಅವನಿಗೆ.

ಯಾಕೆ ಹೇಳಬಾರದು? ಅವ್ವನಿಗೂ ಗೊತ್ತಾಗಲಿ ಮಗನ ಘನಂದಾರಿ ಕೆಲಸ ಅಂತ ಮನೆಗೆ ಬಂದವಳೇ ಕಿಟಕಿಗಳನ್ನು ಮುಚ್ಚಿದೆ. ಅವ್ವನಿಗೆ ಗುಟ್ಟು ಹೇಳಬೇಕೆಂದರೂ ಬೀದಿಗೆ ಕೇಳುವಷ್ಟು ಕೂಗಬೇಕು. ಬಲಗಿವಿಗೆ ಬಾಯಿಟ್ಟು ಎಲ್ಲ ಹೇಳಿದೆ. ಅವ್ವ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನಂಗೆ ಆವತ್ತೇ ಗೊತ್ತಾಯ್ತು ಕಣಮ್ಮಿ,” ಅಂದಳು. “ಅವ ಸಿಕ್ಕಿಸ್ತಾ ಇರುವಾಗ್ಲೇ. ಸ್ಟೂಲು ಸುಮ್ಮಗಾಗೋಗಿತ್ತು.”

ಮತ್ತೆ ಕೇಳ್ತದೆ ಅಂತ ಯಾಕಂದೆ, ಇಷ್ಟು ದಿನ ಯಾಕೆ ನಗುತ್ತಿದ್ದೆ ಅಂತ ಕೂಗಿದೆ. ಕಿಟಕಿ ಮುಚ್ಚಿದ್ದು ದಂಡವಾಯಿತು, ಬೀದಿಗೆಲ್ಲ ಕೇಳಿರಬೇಕು. ನೀವು ನಕ್ಕಾಗ ನಕ್ಕೆ ಅಂದಳು. ನನ್ನ ಮುಖ ನೋಡಿ ಕಾಯಿ ಕೆಳಗಿಟ್ಟಳು.

“ಅವ ಮುನಿಸ್ಕಂಡು ಬರದ್ನೇ ನಿಲ್ಸ್‌ಬುಟ್ರೆ ನಾ ಏನ್ಮಾಡ್ಲಿ ಮಗಾ? ನೀನಾದ್ರೆ ಎಲ್ಲಿಗೂ ಓಗದಿಲ್ವಲ್ಲ.”

ಉಣ್ಣಿಸಿ, ಎಣ್ಣೆ ತಿಕ್ಕಿ, ಬಲಗಿವಿಗೆ ಕೂಗಿ ಕೂಗಿ ಗಂಟಲು ಹರಿದುಕೊಂಡವಳು ನಾನು. ನನ್ನೆದುರಿಗೆ ದಿನಾ ಸಂಜೆ ಸುಳ್ಳು ನಗು ನಕ್ಕು, ವರ್ಷಕ್ಕೆ ನಾಲ್ಕು ಸಲ ಬಂದುಹೋಗುವವನನ್ನು ಉಳಿಸಿಕೊಂಡಿದ್ದಳು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅಳುವಾಗ ಬಾಯಿಗೆ ಸೆರಗು ಇಟ್ಟುಕೊಳ್ಳಲಿಲ್ಲ, ಅವ್ವನಿಗೆ ಹೇಗೂ ಕೇಳುವುದಿಲ್ಲ.

ಬೋರ್ಡು ಬಂತು. ಸ್ಟೂಲು ಮತ್ತೆ ಮಾತಾಡುತ್ತಿದೆ. ಅವ್ವ ಜಗಲಿಗೂ ಹೋಗುತ್ತಾಳೆ. ಮೊನ್ನೆ ಅಣ್ಣ ಬಂದಿದ್ದ. ನನ್ನ ಮುಖ ನೋಡದೆ ಒಳಗೆ ಬಂದು, ಟಿವಿ ಆರಿಸಿ, ಅವ್ವನ ಮಂಚದ ಮೇಲೆ ಎಡಗಡೆಗೇ, ಕೇಳದ ಕಿವಿಯ ಕಡೆಗೇ ಕೂತ. ಅವನಿಗೆ ಕೂಗಿ ಮಾತಾಡುವ ಅಭ್ಯಾಸ ಇನ್ನೂ ಬಂದಿಲ್ಲ. ಮೆಲ್ಲಗೆ ಹೇಳುತ್ತಾ ಹೋದ, ಅವ್ವ ಅವನ ಮುಖವನ್ನೇ ನೋಡುತ್ತಾ ಬಾಯಿ ತುಂಬ ನಗುತ್ತಿದ್ದಳು. ನಾನು ಕಾಫಿ ಸೋಸುತ್ತಾ ಅವನು ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಈರುಳ್ಳಿ ರೇಟು ಬಿದ್ದುಹೋಯಿತು, ಲೋಡೆಲ್ಲ ಕೊಳೆಯುತ್ತಿದೆ, ರಾತ್ರಿ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದ.